ಮೂವತ್ತಕ್ಕೆ ಇಪ್ಪತ್ತೊಂಬತ್ತು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 8.10

ನಿನ್ನೆಯ ಪುಟದಲ್ಲಿ ಒಂದು ಸಂಗತಿ ಬಿಟ್ಟಿದ್ದೇನೆ. ಇವತ್ತೂ ಬಿಡುವವಳೇ ಇದ್ದೆ. ಡಬ್ಬಿ ಬ್ಯಾಗಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ತನಕ ಹೋಗಿ ವಾಪಸ್ ಬಂದೆ.

ನಿನ್ನೆ ಅಮ್ಮ ಖಾಲಿ ಹಾಳೆ ನೋಡಿ "ಧೂಳು" ಅಂದಳು.

ಎಂದಿನಂತೆ ಆರೂವರೆಗೆ ಊಟದ ಮೇಜಿಗೆ ಕೂತಿದ್ದೆವು. ಮೂವತ್ತು ಹಾಳೆ. ಹದಿನೇಳನೆಯದು ಖಾಲಿ. ಪ್ರಿಂಟರ್ ಅಚ್ಚು ಮಾಡದೆ ಉಗುಳಿರಬೇಕು. ತಿರುವಿ, ಅಯ್ಯೋ ಇದರಲ್ಲೇನೂ ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಹಾಳೆಯ ಮೇಲೆ ಬಗ್ಗಿದಳು. ಕಣ್ಣು ಎಡದಿಂದ ಬಲಕ್ಕೆ ಸರಿಯಿತು. ಮಧ್ಯೆ ಒಂದು ಕಡೆ ನಿಂತಿತು — ಅಲ್ಲೇನೋ ಇದ್ದ ಹಾಗೆ. ಮತ್ತೆ ಮುಂದಕ್ಕೆ ಹೋಯಿತು.

"ಹೌದು. ಧೂಳು."

ನಾನು ಗುರುತು ಹಾಕಿದೆ. ಬಿಟ್ಟದ್ದು ಇದನ್ನೇ. ಅಮ್ಮ ಅಂದದ್ದನ್ನಲ್ಲ... ನಾನು ಧೂಳಿನ ಕಾಲಮ್ಮಿನಲ್ಲಿ ಸರಿ ಗುರುತು ಹಾಕಿ ಹದಿನೆಂಟನೆಯ ಹಾಳೆ ತಿರುವಿದ್ದನ್ನು.

ಬಸ್ ತಪ್ಪುತ್ತದೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ, ಆಫೀಸ್ ಕ್ಯಾಂಟೀನ್

ತಲೆ ಕಲಸಿಹೋಗಿದೆ. ಮೊದಲಿಂದ ಬರೆಯಬೇಕು. ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಉತ್ತರ ತಪ್ಪಾದರೂ ಸ್ಟೆಪ್ಸ್ ಬರೆದವರಿಗೆ ಅರ್ಧ ಅಂಕ ಸಿಗುತ್ತಿತ್ತು. ಆ ಅಭ್ಯಾಸ ನಲವತ್ತಾರಕ್ಕೂ ಬಿಟ್ಟಿಲ್ಲ.

ಒಂದು ನೌಕೆ. ಸೂರ್ಯನ ಸುತ್ತ ತಿರುಗುತ್ತಿದೆ. ಮೈಯಿಂದ ಮೂರು ಉದ್ದನೆಯ ಆಂಟೆನಾ ಚಾಚಿಕೊಂಡಿವೆ. ರೇಡಿಯೋ ಅಲೆ ಕೇಳುವುದಕ್ಕೆಂದು ಇಟ್ಟವು. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣವೊಂದು ಬಂದೂಕಿನ ಗುಂಡಿಗಿಂತ ವೇಗವಾಗಿ ಬಂದು ನೌಕೆಗೆ ಬಡಿದರೆ, ಕಣವೂ ಅದು ಬಡಿದ ಜಾಗದ ಚೂರೂ ಕ್ಷಣದಲ್ಲಿ ಆವಿ. ವಿದ್ಯುತ್ ತುಂಬಿದ ಪುಟ್ಟ ಮೋಡ ಎದ್ದು ಚದುರುತ್ತದೆ. ಆಂಟೆನಾಗಳಿಗೆ ಅದು ಒಂದು ಏಟಿನ ಹಾಗೆ ಗೊತ್ತಾಗುತ್ತದೆ. ಕಾಗದದ ಮೇಲೆ ಮೂರು ಗೆರೆ, ಒಂದೊಂದು ಆಂಟೆನಾಗೆ ಒಂದೊಂದು. ಏಟು ಬಿದ್ದಲ್ಲಿ ಗೆರೆ ಚಿಮ್ಮಿ ಮೆಲ್ಲಗೆ ಇಳಿಯುತ್ತದೆ.

ತೊಂದರೆ ಏನೆಂದರೆ ನೌಕೆಯೂ ತನ್ನಷ್ಟಕ್ಕೆ ಮೈ ಮುರಿಯುತ್ತದೆ. ಹೀಟರ್ ಆನ್ ಆದರೆ ಒಂದು ಚಿಮ್ಮು. ಸೌರಫಲಕ ತಿರುಗಿದರೆ ಇನ್ನೊಂದು. ಯಾವುದು ಧೂಳು, ಯಾವುದು ಅಲ್ಲ ಎಂದು ಮನುಷ್ಯರೇ ಕೂತು ಹೇಳಬೇಕು. ನನ್ನ ಕೆಲಸ ಅದು. ಒಬ್ಬರೇ ಹೇಳಿದರೆ ಸಾಲದು, ಇನ್ನೊಬ್ಬರು ಬೇರೆಯಾಗಿ ನೋಡಿ ಹೇಳಬೇಕು. ಇಬ್ಬರದೂ ಎಷ್ಟು ಹೊಂದುತ್ತದೆ ಎಂಬುದರ ಮೇಲೆ ಧೂಳಿನ ಏಟುಗಳ ಪಟ್ಟಿಗೆ ಬೆಲೆ.

ಆ ಎರಡನೆಯವರು ಸಿಗಲಿಲ್ಲ. ನಮ್ಮ ಹೆಡ್‌ಗೆ ಎಲ್ಲ ಸಂಖ್ಯೆಯೂ ಚುಕ್ಕಿಯ ನಂತರ ಎರಡು ಸ್ಥಾನದ ತನಕ ಬೇಕು. ಆಫೀಸಿನಲ್ಲಿ ಬೆನ್ನ ಹಿಂದೆ ಅವರನ್ನು ದಶಮಾಂಶ ಎನ್ನುತ್ತೇವೆ. ಯಾರಾದರೂ ಆಗಲಿ, ಗೆರೆ ಓದುವ ಅಭ್ಯಾಸ ಇದ್ದರೆ ಸಾಕು ಎಂದರು. ಅಮ್ಮ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಇಸಿಜಿ ತೆಗೆದವಳು. ಡಾಕ್ಟರು ನೋಡುವ ಮೊದಲೇ, ಇವರನ್ನ ಮನೆಗೆ ಕಳಿಸ್ಬೇಡಿ ಎಂದು ಹೇಳುತ್ತಿದ್ದವಳು. ಹೋದ ಏಪ್ರಿಲ್‌ನಿಂದ ವಾರಕ್ಕೆ ಎರಡು ಮೂರು ಬೆಳಿಗ್ಗೆ, ಮೂವತ್ತು ಮೂವತ್ತು ಹಾಳೆ. ಪಟ್ಟಿಯ ಬಗ್ಗೆ ಬರೆದ ಪ್ರಬಂಧದಲ್ಲಿ "ತರಬೇತಿ ಪಡೆದ ಎರಡನೇ ಓದುಗರು" ಎಂದು ಬರೆದೆ. ಸುಳ್ಳಲ್ಲವಲ್ಲ.

ಫೆಬ್ರವರಿಯಲ್ಲಿ ಪಟ್ಟಿ ಒಪ್ಪಿಗೆಯಾಯಿತು. ಅದನ್ನು ನೋಡಿ ನೌಕೆಯವರು ಹೊಸ ಪ್ರೋಗ್ರಾಂ ಬರೆದಿದ್ದಾರೆ. ಈ ತಿಂಗಳ 28ಕ್ಕೆ ಮೇಲಕ್ಕೆ ಹೋಗುತ್ತದೆ. ಆಮೇಲೆ ಧೂಳಲ್ಲ ಅನಿಸಿದ್ದನ್ನು ನೌಕೆ ನಮಗೆ ಕಳಿಸುವುದೇ ಇಲ್ಲ, ಅಲ್ಲೇ ಅಳಿಸಿಬಿಡುತ್ತದೆ.

ಇಷ್ಟು ಸ್ಟೆಪ್ಸ್. ಖಾಲಿ ಹಾಳೆ ಇದರಲ್ಲಿ ಎಲ್ಲಿ ಕೂರುತ್ತದೆ?

ಇವತ್ತು ಬೆಳಿಗ್ಗೆ ಅಮ್ಮ ಕೂರಲಿಲ್ಲ. ತಲೆನೋವಂತೆ.

ಮಾರ್ಚ್ 7, ಶುಕ್ರವಾರ. ಸಂಜೆ 5.30

ಇವತ್ತೂ ತಲೆನೋವು.

ಆಫೀಸಿನಲ್ಲಿ ಹಳೆಯ ಫೈಲ್ ತೆಗೆದೆ. ಸೋಮವಾರದ ಮೂವತ್ತರಲ್ಲಿ ನಮ್ಮಿಬ್ಬರದು ಹನ್ನೆರಡು ಹೊಂದಿಲ್ಲ. ಹಾಗೆ ಯಾವತ್ತೂ ಆದದ್ದಿಲ್ಲ. ಯಾವತ್ತೂ ಎಂದರೆ? ಹಿಂದಕ್ಕೆ ನೋಡುತ್ತಾ ಹೋದೆ. ಫೆಬ್ರವರಿ 27, ಒಂದು ಹೊಂದಿಲ್ಲ. 25, ಒಂದು. 20, ಒಂದು. ಜನವರಿಯೆಲ್ಲ ಒಂದೊಂದು. ಡಿಸೆಂಬರ್, ನವೆಂಬರ್...

ಕ್ಯಾಂಟೀನ್ ಮುಚ್ಚುವ ತನಕ ನೋಡಿದೆ. ಜೂನ್ ಮೊದಲ ವಾರದಿಂದ ತೊಂಬತ್ತೇಳು ಬೆಳಿಗ್ಗೆ. ಪ್ರತಿ ಬೆಳಿಗ್ಗೆ ಮೂವತ್ತರಲ್ಲಿ ಸರಿಯಾಗಿ ಒಂದು. ಒಮ್ಮೆ ನಾಲ್ಕನೆಯದು, ಒಮ್ಮೆ ಇಪ್ಪತ್ತೆರಡನೆಯದು, ಜಾಗ ಬೇರೆ ಬೇರೆ. ಎರಡು ಆದ ದಿನ ಇಲ್ಲ. ಒಂದೂ ಆಗದ ದಿನ ಇಲ್ಲ.

ಪ್ರಬಂಧದಲ್ಲಿ ನಾವು ಅಚ್ಚು ಹಾಕಿಸಿದ ಸಂಖ್ಯೆ 96.67. ದಶಮಾಂಶ ಅದನ್ನು ಎರಡು ಸಲ ಓದಿ ಖುಷಿಪಟ್ಟಿದ್ದರು. ಅದು ಮೂವತ್ತಕ್ಕೆ ಇಪ್ಪತ್ತೊಂಬತ್ತು ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಇಲ್ಲ. ಚುಕ್ಕಿಯ ನಂತರ ಎರಡು ಸ್ಥಾನ ನೋಡುತ್ತಾ ಕೂತಿದ್ದೆವು.

ಮನುಷ್ಯರ ಕಣ್ಣು ಹೀಗೆ ತಪ್ಪುವುದಿಲ್ಲ. ಒಂದು ದಿನ ಐದು, ಒಂದು ದಿನ ಸೊನ್ನೆ, ಹಾಗೆ ತಪ್ಪುತ್ತದೆ. ಹೀಗೆ ತಪ್ಪಬೇಕಾದರೆ ಯಾರೋ ಲೆಕ್ಕ ಇಡುತ್ತಿರಬೇಕು.

ಮನೆಗೆ ಬಂದೆ. ಅಮ್ಮ ಟೀ ಸೋಸಿ ಕೊಟ್ಟಳು. ಲೋಟದ ಅಂಚಿನೊಳಗೆ ತೋರುಬೆರಳು ಇಟ್ಟುಕೊಂಡು ಸುರಿದಳು. ಬಿಸಿ ಬೆರಳಿಗೆ ತಾಗಿದಾಗ ನಿಲ್ಲಿಸಿದಳು. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದಾಳೆ? ನಾನು ದಿನಾ ಆ ಟೀ ಕುಡಿಯುತ್ತೇನೆ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 7.45

ಸ್ಟ್ರಾಪ್ ಕಿತ್ತುಹೋಗಿದ್ದ ವಾಚು ಒಂಬತ್ತು ದಿನ ರಿಪೇರಿ ಅಂಗಡಿಯಲ್ಲಿತ್ತು. ಶನಿವಾರ ಸಿಕ್ಕಿತು. ನಾನು ಬಲಗೈಗೆ ಕಟ್ಟುವವಳು.

ಇವತ್ತು ಕೂತೆವು. ಮೊದಲ ಎರಡು ಹಾಳೆ ಆಗಿತ್ತು. ಅಮ್ಮ ಕೇಳಿದಳು, "ವಾಚ್ ಸರಿಹೋಯ್ತಾ?"

ರಿಪೇರಿಗೆ ಕೊಟ್ಟದ್ದನ್ನು ನಾನು ಹೇಳಿರಲಿಲ್ಲ. ಸ್ವೆಟರಿನ ತೋಳು ಮಣಿಕಟ್ಟು ಮುಚ್ಚಿತ್ತು.

ಮೂವತ್ತು ಮುಗಿಯಿತು. ಒಂದು ಹೊಂದಲಿಲ್ಲ. ತಲೆನೋವೂ ಇಲ್ಲ.

ಈಗ ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ. ಅವಳ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ನಾನು ಗುರುತು ಹಾಕುವ ಹಾಗೆ ಕೈ ಆಡಿಸಿ ನೋಡಿದೆ. ಎಡ ಕಾಲಮ್ಮು ಧೂಳಲ್ಲದ್ದಕ್ಕೆ. ಬಲ ಕಾಲಮ್ಮು ಧೂಳಿಗೆ, ಮೇಜಿನ ಅಂಚಿಗೆ ಹತ್ತಿರ. ಹಾಳೆ ತಿರುವಿದ ಕೂಡಲೇ ನನ್ನ ಕೈ ನನಗೆ ಅನಿಸಿದ ಕಾಲಮ್ಮಿಗೆ ಹೋಗಿ ಅಮ್ಮನ ಮಾತಿಗೆ ಕಾಯುತ್ತದೆ. ಬಲಕ್ಕೆ ಹೋದರೆ ವಾಚಿನ ಕೊಂಡಿ ಮರಕ್ಕೆ ತಾಗುತ್ತದೆ.

ಟಕ್.

ಎಡಕ್ಕೆ ಹೋದರೆ ಏನೂ ಇಲ್ಲ.

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 7.20

ಮಾಡಬಾರದಿತ್ತು. ಮಾಡಿದೆ.

ಹತ್ತು ಖಾಲಿ ಹಾಳೆ. ಹೊಸ ಕಟ್ಟಿನಿಂದಲೇ ತೆಗೆದವು. ಯಾವುದಕ್ಕೆ ಬಲಕ್ಕೆ ಹೋಗಬೇಕು ಎಂದು ಮೊದಲೇ ಚೀಟಿಯಲ್ಲಿ ಬರೆದು ಮಡಚಿ ಇಟ್ಟಿದ್ದೆ. ಎರಡು, ಐದು, ಆರು, ಒಂಬತ್ತು.

ಅಮ್ಮ ಬಗ್ಗಿದಳು. ಕಣ್ಣು ಎಡದಿಂದ ಬಲಕ್ಕೆ. ನಿಲ್ಲುವುದು. ಮುಂದೆ ಹೋಗುವುದು. ಒಂದು ಹಾಳೆಗೆ "ಇದು ಸ್ವಲ್ಪ ಕಷ್ಟ, ತಾಳು" ಎಂದು ಹುಬ್ಬು ಗಂಟು ಹಾಕಿ ಮತ್ತೊಮ್ಮೆ ನೋಡಿದಳು. ಬಿಳೀ ಹಾಳೆಯ ಮೇಲೆ ಅವಳ ಮೂಗಿನ ನೆರಳು ಬಿಟ್ಟರೆ ಏನೂ ಇರಲಿಲ್ಲ.

ಎರಡು, ಹೌದು. ಐದು, ಹೌದು. ಆರು, ಹೌದು. ಒಂಬತ್ತು, ಹೌದು. ಉಳಿದವು ಅಲ್ಲ.

ಒಂಬತ್ತು ತಿಂಗಳು ನಾನು ಯಾರ ಪಕ್ಕ ಕೂತಿದ್ದೆ? ಎರಡನೆಯವರು ಇರಲೇ ಇಲ್ಲ. ನಾನು ಹೇಳಿದ್ದನ್ನು ನನಗೇ ತಿರುಗಿ ಹೇಳುವ ಒಂದು ಬಾಯಿ ಇತ್ತು. ಅದನ್ನು ಎಣಿಸಿ ಅಚ್ಚು ಹಾಕಿಸಿದೆ.

"ಇವತ್ತು ಹತ್ತೇನಾ?" ಅಂದಳು. ಹೌದು, ಬೇಗ ಹೋಗಬೇಕು ಎಂದೆ. "ಸರಿ ಇತ್ತಾ?" ಎಂದು ಕೇಳಿದಳು. ದಿನಾ ಕೇಳುತ್ತಾಳೆ. ಸರಿ ಇತ್ತು ಎಂದೆ.

ಮಾರ್ಚ್ 13, ಗುರುವಾರ. ಸಂಜೆ 6

ಮಧ್ಯಾಹ್ನ ರಜೆ ಹಾಕಿ ಬಂದೆ. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದೆ.

ಬಾಗಿಲು ತೆರೆದೇ ಇತ್ತು. ಮೂರೂ ಮುಕ್ಕಾಲು. ಊಟದ ಮೇಜಿನ ಮೇಲೆ ಬಿಸಿಲು. ಅಮ್ಮ ಅವಳ ಕುರ್ಚಿಯಲ್ಲಿ. ಮುಂದೆ ನಮ್ಮ ಹಳೆಯ ಹಾಳೆಗಳ ಕಟ್ಟು. ಒಂದನ್ನು ತೆಗೆದು ಮುಂದೆ ಇಟ್ಟುಕೊಂಡಳು. ಬಗ್ಗಿದಳು. ಕಣ್ಣು ಸರಿಯಿತು, ನಿಂತಿತು, ಸರಿಯಿತು. "ಅಲ್ಲ," ಅಂದಳು, ತನ್ನಷ್ಟಕ್ಕೆ. ಪಕ್ಕಕ್ಕಿಟ್ಟಳು. ಇನ್ನೊಂದು. "ಹ್ಞಾಂ... ಹೌದು." ಪಕ್ಕಕ್ಕೆ. ಎಲ್ಲಾ ಹಾಳೆಗಳೂ ಬೋರಲು ಬಿದ್ದಿದ್ದವು. ಅವಳು ನೋಡುತ್ತಿದ್ದದ್ದು ಬೆನ್ನು.

ಅಭ್ಯಾಸ ಮಾಡುತ್ತಿದ್ದಳು. ಎಷ್ಟು ಹೊತ್ತು ನೋಡಬೇಕು, ಎಲ್ಲಿ ತಡೆಯಬೇಕು ಎಂದು.

ಬಾಗಿಲಲ್ಲೇ ನಿಂತೆ. ಉಸಿರು ಕೂಡ ಬಿಡಲಿಲ್ಲ ಅಂದುಕೊಂಡಿದ್ದೆ.

"ಬೇಗ ಬಂದ್ಯಲ್ಲ," ಅಂದಳು ತಿರುಗದೆ. ಕೈ ಮಾತ್ರ ನಿಂತಿತು.

ಜೋಡಿಸಿಕೊಂಡು ಬಂದ ವಾಕ್ಯ ಒಂದೂ ನೆನಪಾಗಲಿಲ್ಲ. ಎದುರಿಗೆ ಕೂತೆ. ಮಂಗಳವಾರದವು ಖಾಲಿ ಹಾಳೆ ಎಂದೆ. ಹತ್ತೂ.

ಮುಂದಿದ್ದ ಹಾಳೆಗಳನ್ನು ತಟ್ಟಿ ಒಟ್ಟು ಮಾಡಿದಳು. ಆಮೇಲೆ ಕೇಳಿದ್ದು, "ಹತ್ತಕ್ಕೆ ಹತ್ತೂ ಸರಿ ಹೇಳಿದ್ನಾ?"

ನಗು ಬಂತು. ಬರಬಾರದಿತ್ತು. ಅವಳೂ ನಕ್ಕಳು.

ಅಂಚು ಮಸುಕಾಗಿ ಮೂರು ನಾಲ್ಕು ವರ್ಷವಾಯಿತಂತೆ. ನಡುವಿನದು ಹೋದ ಮೇ ಕೊನೆಗೆ. ಈಗ ಬೆಳಕು ಎಲ್ಲಿದೆ ಎಂದಷ್ಟೇ ಗೊತ್ತಾಗುತ್ತದೆ. ಕೈ ನಡುಗುತ್ತೆ, ನಾನು ಹೇಳ್ತೀನಿ ನೀನು ಬರಿ ಎಂದು ಪೆನ್ಸಿಲ್ ನನಗೆ ಕೊಟ್ಟದ್ದು ಜೂನ್ ಮೊದಲ ವಾರ. ಕೈ ನಡುಗುತ್ತಿರಲಿಲ್ಲ. ನಾನು ಕೈ ನೋಡಿಯೂ ಇರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಹಾಳೆ ತರುತ್ತಿದ್ದೆಯಾ ಎಂದು ತಿರುಗಿ ಕೇಳಿದಳು. ಬೆಳಿಗ್ಗೆ ಆ ಒಂದು ಗಂಟೆ ಬಿಟ್ಟರೆ ನಾವಿಬ್ಬರೂ ಒಟ್ಟಿಗೆ ಕೂರುವುದು ಯಾವಾಗ?

ದಿನಕ್ಕೊಂದು ತಪ್ಪಿನ ವಿಷಯ ಕೇಳಿದೆ. ಮುಖದಲ್ಲಿ ಸ್ವಲ್ಪ ಗತ್ತು ಬಂತು.

"ಬೇಕಂತಲೇ ಹಾಕ್ತಿದ್ದೆ. ಎಲ್ಲಾ ನಾರ್ಮಲ್ ಇರೋ ರಿಪೋರ್ಟ್ ನಮ್ಮ ದೊಡ್ಡ ಡಾಕ್ಟ್ರು ನಂಬ್ತಾನೇ ಇರ್ಲಿಲ್ಲ, ಮಿಷನ್ನೇ ಕೆಟ್ಟಿದೆ ಅಂತಿದ್ರು. ಅದಕ್ಕೇ ಒಂದು ಬಿಡ್ತಿದ್ದೆ. ನೀನೂ ಹಾಗೇ ಅಲ್ವಾ, ಅನುಮಾನದ ಪಿಶಾಚಿ."

"ಒಂಬತ್ತು ತಿಂಗಳು ಅನುಮಾನ ಬರ್ಲೇ ಇಲ್ವಲ್ಲಮ್ಮ."

"ಬರ್ತಿತ್ತು ಕಣೇ. ಬೇಡ ಅಂತ ನೀನೇ ತಳ್ತಿದ್ದೆ. ಶುರುವಿನಲ್ಲಿ ನಂಗೆ ಕಾಣ್ತಿತ್ತು. ನಾನು ಅಲ್ಲ ಅಂದಾಗೆಲ್ಲ ನಿನ್ನ ಮುಖವೂ ಕಾಣ್ತಿತ್ತು. ಆಮೇಲೆ ನಾನು ಸರಿಯಾಗಿ ಹೇಳೋಕೆ ಶುರು ಮಾಡಿದ್ಮೇಲೆ ನಿನ್ನ ದನಿ ಎಷ್ಟು ಮೆತ್ತಗಾಯ್ತು ಗೊತ್ತಾ."

ಇದನ್ನು ಬರೆದು ಎರಡು ಸಲ ಓದಿದೆ. ಅವಳು ಅಂದದ್ದು ಇದೇ ಮಾತು.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 11, ಕಣ್ಣಿನ ಆಸ್ಪತ್ರೆ

ನಾಲ್ಕು ದಿನ ಬರೆಯಲಿಲ್ಲ. ಹಾಳೆಯೂ ಇಲ್ಲ. ಬೆಳಿಗ್ಗೆ ಆರೂವರೆಗೆ ಇಬ್ಬರೂ ಎದ್ದು ಇಬ್ಬರೂ ಸುಮ್ಮನೆ ಓಡಾಡುತ್ತೇವೆ.

ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವಾಕೆಗೆ ಗೊತ್ತಿತ್ತು. ಮೆಟ್ಟಿಲಲ್ಲಿ ಸಿಕ್ಕಾಗ ತಾನಾಗಿಯೇ ಹೇಳಿದಳು. ಸೂಜಿಗೆ ಇವಳ ಕೈಯಲ್ಲಿ ದಾರ ಹಾಕಿಸಿಕೊಂಡು ಹೋಗಲು ಅಮ್ಮ ಬರುತ್ತಿದ್ದಳಂತೆ. ಒಂದೇ ಸಲಕ್ಕೆ ಹತ್ತು ಸೂಜಿ. "ಅಕ್ಕನಿಗೆ ಹೇಳ್ಬೇಡ, ಅವಳ ಕೆಲಸ ಕೆಡುತ್ತೆ ಅಂತ ಮಾತು ತಗೊಂಡಿದ್ರು. ನಿಮ್ಮ ಕೆಲಸ ಯಾಕೆ ಕೆಡುತ್ತೆ ಅಂತ ನಂಗೆ ಅರ್ಥ ಆಗ್ಲಿಲ್ಲ," ಎಂದಳು.

ಡಾಕ್ಟರು ಚಿಕ್ಕ ವಯಸ್ಸಿನವರು. ಎಷ್ಟು ಬೆರಳು ಎಂದು ಕೈ ಎತ್ತಿ ತೋರಿಸಿದರು. "ಐದಕ್ಕಿಂತ ಜಾಸ್ತಿ ಇದ್ರೆ ಹೇಳಿ ಡಾಕ್ಟ್ರೇ, ನೀವೂ ತೋರಿಸ್ಕೋಬೇಕಾಗುತ್ತೆ," ಅಂದಳು ಅಮ್ಮ. ಅವರು ನಗಲಿಲ್ಲ. ಒಳಗಿನ ಒತ್ತಡ ನರ ತಿಂದುಹಾಕಿದೆ. ಹೋದದ್ದು ಬರುವುದಿಲ್ಲ. ಎರಡು ವರ್ಷ ಮೊದಲೇ ಬಂದಿದ್ದರೆ... ಎಂದು ನನ್ನ ಕಡೆ ನೋಡಿದರು. ಅಂಚು ಮಸುಕಾದರೆ ಮನೆಯವರಿಗೆ ಗೊತ್ತಾಗುತ್ತದಲ್ಲ, ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಾರೆ, ಪಕ್ಕದಲ್ಲಿ ಇಟ್ಟ ಲೋಟ ಬೀಳಿಸುತ್ತಾರೆ ಎಂದರು.

ಲೋಟ ಬೀಳುತ್ತಿತ್ತು. ಗಡಿಬಿಡಿ ಜಾಸ್ತಿಯಾಯ್ತು ನಿಂಗೆ ಎಂದು ಬೈಯುತ್ತಿದ್ದೆ. ಸ್ಟೀಲಿನದು ತಂದೆ.

ಏನನ್ನಾದರೂ ನೋಡಿ, ಸದ್ದಿನ ಮೂಲ ಹುಡುಕದೆ, ಅದಕ್ಕೆ ಹೆಸರಿಟ್ಟು ಮುಂದೆ ಹೋಗುವುದೇ ನನ್ನ ಕಸುಬು ಅನಿಸುತ್ತದೆ.

ಮಾರ್ಚ್ 20, ಗುರುವಾರ. ಮಧ್ಯಾಹ್ನ 1.15

ಇನ್ನೊಂದು ಬಿಟ್ಟಿದ್ದೇನೆ. ಈ ಡೈರಿಯಲ್ಲೂ, ಪ್ರಬಂಧದಲ್ಲೂ.

ಜೂನ್‌ಗಿಂತ ಮೊದಲು ಏಪ್ರಿಲ್, ಮೇ ಇತ್ತು. ಇಪ್ಪತ್ತು ಬೆಳಿಗ್ಗೆ, ಆರುನೂರು ಹಾಳೆ. ಆಗ ಅಮ್ಮ ತನ್ನ ಕೈಯಲ್ಲೇ ಪೆನ್ಸಿಲ್ ಹಿಡಿದು ಗುರುತು ಹಾಕುತ್ತಿದ್ದಳು. ನಮ್ಮಿಬ್ಬರದು ನೂರ ಹನ್ನೊಂದು ಹೊಂದಲಿಲ್ಲ. 81.50. ದಶಮಾಂಶ ಅವರಿಗೆ ತೊಂಬತ್ತು ದಾಟಬೇಕಿತ್ತು. ಆ ಆರುನೂರನ್ನು "ಅಭ್ಯಾಸದ ಅವಧಿ" ಎಂದು ಕರೆದು ಲೆಕ್ಕದಿಂದ ತೆಗೆದೆ. ಯಾರೂ ಕೇಳಲಿಲ್ಲ. ಅಭ್ಯಾಸ ಯಾರದ್ದು ಎಂದು ನಾನೂ ಕೇಳಿಕೊಳ್ಳಲಿಲ್ಲ. ಮೂವತ್ತೊಂದು ವರ್ಷ ಗೆರೆ ಓದಿದವಳಿಗೆ ಅಭ್ಯಾಸವೆ?

ಕಟ್ಟು ಬೀರುವಿನ ತಳದಲ್ಲಿ ಸಿಕ್ಕಿತು. ಅಮ್ಮನ ಪೆನ್ಸಿಲ್ ಗುರುತು, ಚಿಕ್ಕದು, ಒತ್ತಿ ಹಾಕಿದ್ದು. ಕೆಲವದರ ಅಂಚಿನಲ್ಲಿ ಎರಡು ಪದ ಬರೆದಿದ್ದಾಳೆ: "ಮೂರೂ ಲೀಡ್". ಇಸಿಜಿ ತೆಗೆಯುವಾಗ ಮೈಗೆ ಅಂಟಿಸುವ ತಂತಿಗೆ ಅವಳು ಲೀಡ್ ಎನ್ನುತ್ತಾಳೆ. ಇವನ್ನು ಓದಿಯೇ ಇಲ್ಲ ನಾನು. ಎಷ್ಟು ಹಾಳೆಯ ಮೇಲೆ ಎಂದು ಎಣಿಸುತ್ತಿದ್ದೇನೆ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 10.40, ಆಫೀಸ್

ಶನಿವಾರ ಯಾರೂ ಇರುವುದಿಲ್ಲ. ಸ್ಪೀಕರ್ ಹಾಕಿದೆ. ಆಂಟೆನಾದ ಗೆರೆಗಳನ್ನು ಸದ್ದಾಗಿ ಮಾಡಿ ಕೇಳಬಹುದು. ಬರುವ ಅತಿಥಿಗಳಿಗೆ ತೋರಿಸಲೆಂದು ಮಾಡಿದ್ದು. ಒಂದು ಏಟಿಗೆ ಒಂದು ಟಕ್. ಪಕ್ಕದ ಕೋಣೆಯಲ್ಲಿ ಯಾರೋ ಬೆರಳಿನ ಗೆಣ್ಣಿನಿಂದ ಮೇಜು ತಟ್ಟಿದ ಹಾಗೆ. ತಟ್ಟಿದ ಕೂಡಲೇ ತಟ್ಟಿದವರು ಇಲ್ಲ. ಆವಿ.

ಇಷ್ಟು ವರ್ಷ ಇದು ನನಗೆ ಮಳೆಹನಿಯ ಹಾಗೆ ಕೇಳುತ್ತಿತ್ತು. ಇವತ್ತು ಪ್ರತಿ ಟಕ್ಕಿಗೂ ಮಣಿಕಟ್ಟು ನೋಡಿಕೊಂಡೆ.

ನನ್ನ ಓದುವ ಕ್ರಮ ಹೀಗೆ: ಪಾರದರ್ಶಕ ಹಾಳೆಯ ಮೇಲೆ ಕೆಂಪು ಗೆರೆ ಎಳೆದುಕೊಂಡಿದ್ದೇನೆ. ಮೊದಲ ಆಂಟೆನಾದ ಮೇಲೆ ಇಡುತ್ತೇನೆ. ಚಿಮ್ಮು ಕೆಂಪನ್ನು ಮುಟ್ಟದಿದ್ದರೆ ಧೂಳಲ್ಲ. ಉಳಿದ ಎರಡನ್ನು ನೋಡುವ ಗೋಜಿಲ್ಲ. ಬೇಗ ಮುಗಿಯುತ್ತದೆ. ಅಮ್ಮ ಅದನ್ನು "ನಿನ್ನ ಲಕ್ಷ್ಮಣರೇಖೆ" ಎನ್ನುತ್ತಿದ್ದಳು.

ಹೊಂದದ ನೂರ ಹನ್ನೊಂದರಲ್ಲಿ ನೂರ ನಾಲ್ಕು ಕೆಂಪಿನ ಕೆಳಗಿನವು. ನಾನು ಅಲ್ಲ ಅಂದವು, ಅಮ್ಮ ಹೌದು ಅಂದವು. ಒಂದೊಂದನ್ನೂ ಮೂರು ಆಂಟೆನಾದಲ್ಲಿ ನೋಡಿದೆ. ತೊಂಬತ್ತೆರಡರಲ್ಲಿ ಮೂರೂ ಗೆರೆ ಒಂದೇ ಕ್ಷಣ ಚಿಮ್ಮಿದೆ. ಸಣ್ಣದಾಗಿ, ಮೂರಕ್ಕೂ ಬೇರೆ ಬೇರೆ ಎತ್ತರ, ಆದರೆ ಒಂದೇ ಕ್ಷಣ. ಹೀಟರ್ ಚಾರ್ಟ್ ತೆಗೆದು ಸಮಯ ಹೊಂದಿಸಿದೆ. ಹೀಟರ್ ಅಲ್ಲ. ಫಲಕವೂ ಅಲ್ಲ.

ಧೂಳು. ನಾವು ಲೆಕ್ಕಕ್ಕೆ ತೆಗೆದುಕೊಂಡ ಧೂಳಿಗಿಂತ ಚಿಕ್ಕದು.

ಹಾಗಾದರೆ: ಅಮ್ಮನಿಗೆ ಕಂಡದ್ದನ್ನು ನಾನು ಬಿಸಾಕಿದ್ದೇನೆ. ಕಾಣದೆ ಅಂದದ್ದನ್ನು ಅಚ್ಚು ಹಾಕಿಸಿದ್ದೇನೆ. 28ರಿಂದ ನೌಕೆಯೂ ಹಾಗೇ ಮಾಡುತ್ತದೆ, ನನ್ನ ಕೆಂಪು ಗೆರೆ ಹಿಡಿದುಕೊಂಡು. ಅಳಿಸಿದ್ದು ಅಳಿಸಿಹೋಯಿತು. ಆಮೇಲೆ ಹುಡುಕಿದರೆ ಸಿಗುವುದಕ್ಕೆ ಏನೂ ಇರುವುದಿಲ್ಲ.

ಅದೇ ದಿನ, ಸಂಜೆ 4

ಮನೆಯಿಂದ ದಶಮಾಂಶ ಅವರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅಮ್ಮನ ಕಣ್ಣು, ವಾಚು, ಆರುನೂರು. ಅವರು ಕೆಟ್ಟ ಮನುಷ್ಯರಲ್ಲ. ಬಹಳ ಹೊತ್ತು ಕೇಳಿಸಿಕೊಂಡರು. ಪಟ್ಟಿ ತಿದ್ದಬೇಕೆಂದರೆ ಇಬ್ಬರು ಓದುಗರೂ ಸಹಿ ಮಾಡಿದ ಕಾಗದ ನೌಕೆಯವರ ಆಫೀಸಿಗೆ ಹೋಗಬೇಕು, ಅವರಿಗೆ ಮೂಲ ಪ್ರತಿಯೇ ಬೇಕು, ಸ್ಕ್ಯಾನ್ ನಡೆಯುವುದಿಲ್ಲ ಎಂದು ಅವರೇ ನೆನಪಿಸಿದರು. ಪೋಸ್ಟ್‌ಗೆ ಎರಡು ದಿನ, ಕೆಲವೊಮ್ಮೆ ಮೂರು.

ಆಮೇಲೆ ದನಿ ತಗ್ಗಿಸಿದರು. "ನೋಡಮ್ಮ, ಕಳಿಸಬೇಡ ಅಂತ ನಾನು ಹೇಳ್ತಿಲ್ಲ. ಏಪ್ರಿಲ್ ಎರಡಕ್ಕೆ ಕಳಿಸು. ಅಪ್‌ಲೋಡ್ ಆಗಿಹೋಗಿರುತ್ತೆ, ಯಾರ ತಲೆನೂ ಉರುಳಲ್ಲ. ಮುಂದಿನ ಸಲ ಸರಿ ಮಾಡ್ಕೊಳ್ತಾರೆ."

ಮುಂದಿನ ಸಲ ಎಂದರೆ ಎರಡು ವರ್ಷ.

ಯೋಚಿಸುತ್ತೇನೆ ಎಂದೆ. ನಿಜವಾಗಿಯೂ ಯೋಚಿಸಿದೆ. ಅದನ್ನೂ ಬರೆದಿಡಬೇಕು. ಏಪ್ರಿಲ್ 2 ಎಂದು ಮನಸ್ಸಿನಲ್ಲಿ ಬರೆದು ನೋಡಿದೆ. ನೋಡುವುದಕ್ಕೆ ಚೆನ್ನಾಗಿಯೇ ಇತ್ತು.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 7.50

ನಿನ್ನೆ ಇಡೀ ದಿನ ಕಾಗದ ಬರೆದೆ. ಒಂದೂವರೆ ಪುಟ. ಜೂನ್‌ನಿಂದ ಫೆಬ್ರವರಿ ತನಕದ ಎರಡನೇ ಓದನ್ನು ಪೂರ್ತಿ ರದ್ದು ಮಾಡಬೇಕು. ಏಪ್ರಿಲ್, ಮೇ ತಿಂಗಳ ಆರುನೂರನ್ನು ವಾಪಸ್ ಸೇರಿಸಬೇಕು. ಮೊದಲ ಓದು — ನನ್ನದು — ತಪ್ಪು ಕ್ರಮದ್ದು. ಪ್ರೋಗ್ರಾಂ ತಡೆಯಿರಿ. ನನ್ನನ್ನು ಈ ಕೆಲಸದಿಂದ ತೆಗೆಯುತ್ತಾರೆ, ಅದು ಖಂಡಿತ. ಬೇರೆ ಏನು ಆಗುತ್ತದೋ.

ಇವತ್ತು ಆರೂವರೆಗೆ ಅಮ್ಮನನ್ನು ಮೇಜಿಗೆ ಕರೆದೆ. ವಾಚು ಬಿಚ್ಚಿ ಮಲಗುವ ಕೋಣೆಯ ಡ್ರಾಯರಿನಲ್ಲಿ ಇಟ್ಟು ಬಂದೆ. ಕಾಗದ ಓದಿ ಹೇಳಿದೆ. ಅವಳ ಕಣ್ಣಿನ ವಾಕ್ಯ ಬಂದಾಗ ನನ್ನ ದನಿ ಸ್ವಲ್ಪ ಓಡಿತು.

"ಅದನ್ನ ಇನ್ನೊಂದ್ಸಲ ಓದು. ನಿಧಾನಕ್ಕೆ."

ಓದಿದೆ. ಎರಡನೇ ಓದುಗರಿಗೆ ಆ ಅವಧಿಯಲ್ಲಿ ದೃಷ್ಟಿ ಇರಲಿಲ್ಲ. ಮೊದಲ ಓದುಗರ ಕೈಯ ಸದ್ದನ್ನು ಅನುಸರಿಸಿ ಉತ್ತರಿಸಿದ್ದಾರೆ. ಮೊದಲ ಓದುಗರು ಇದನ್ನು ಗಮನಿಸಲಿಲ್ಲ.

ಸಹಿ ಮಾಡೋದಿಲ್ಲ ಅಂದಳು. ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ಎತ್ತಿಡುವ ಸದ್ದು. ಒಂದೂ ಒಂದಕ್ಕೊಂದು ತಾಗಲಿಲ್ಲ. ನಾನು ಹೋಗಲಿಲ್ಲ. ಅವಳಿಗೆ ನನ್ನ ಕುರ್ಚಿಯ ಸದ್ದು ಕೇಳಿಸುತ್ತಿತ್ತು, ನಾನು ಎದ್ದೆನೋ ಕೂತೆನೋ ಎಂದು.

ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೇಳಿದಳು.

"ಆ ಚಿಕ್ಕ ಚಿಕ್ಕವು. ನಾನು ಮೂರೂ ಲೀಡ್ ಅಂತ ಬರೆದಿದ್ದು. ಅವು ಏನು?"

"ಧೂಳು ಅಮ್ಮ."

"ಎಷ್ಟು?"

"ತೊಂಬತ್ತೆರಡು."

ನಲ್ಲಿ ನಿಂತಿತು. "ಪೇಷಂಟ್ ಅಲ್ಲಾಡಿದ್ರೆ ಒಂದು ಲೀಡ್ ಅಲ್ಲಾಡುತ್ತೆ. ಎದೆಯೊಳಗೆ ಏನಾದ್ರೂ ಆದ್ರೆ ಎಲ್ಲಾ ಲೀಡಿಗೂ ಗೊತ್ತಾಗುತ್ತೆ, ಎಷ್ಟೇ ಸಣ್ಣಗಿರ್ಲಿ. ಆಗಲೇ ಹೇಳಿದ್ದೆ ನಿಂಗೆ."

ಹೇಳಿದ್ದಳು. ಹೋದ ಏಪ್ರಿಲ್, ಇದೇ ಮೇಜು. ಅದು ಮನುಷ್ಯರ ವಿಷಯ ಅಮ್ಮ, ಇದು ಬೇರೆ ಎಂದಿದ್ದೆ.

ಕೈ ಒರೆಸಿಕೊಂಡು ಬಂದು ಕೂತಳು. ಪೆನ್ನು ಕೊಟ್ಟೆ. ಅವಳ ಬೆರಳು ಹಿಡಿದು ಗೆರೆಯ ಮೇಲೆ ಇಡಲು ಹೋದೆ. "ಬಿಡು, ಜಾಗ ಎಲ್ಲಿ ಅಂತ ಬಾಯಲ್ಲಿ ಹೇಳು," ಅಂದಳು. ಹೇಳಿದೆ. ಒತ್ತಿ ಬರೆದಳು. ಸಹಿ ಗೆರೆ ಬಿಟ್ಟು ಸ್ವಲ್ಪ ಮೇಲಕ್ಕೆ ಹೋಗಿದೆ. ಹೆಸರಿನ ಕೆಳಗೆ, ನಾನು ಹೇಳದೆಯೇ, "ಇಸಿಜಿ ಟೆಕ್ನಿಷಿಯನ್, ನಿವೃತ್ತ" ಎಂದೂ ಬರೆದಳು.

ಪಕ್ಕದಲ್ಲಿ ನಾನು ಸಹಿ ಹಾಕಿದೆ. ತಾರೀಖಿನ ಜಾಗ ಖಾಲಿ ಬಿಟ್ಟೆ. ಕಳಿಸುವ ದಿನ ಹಾಕಿದರಾಯಿತು ಎಂದುಕೊಂಡು.

ಅದೇ ದಿನ, ಸಂಜೆ 5.40

ಆಫೀಸಿನಲ್ಲಿ ದಶಮಾಂಶ ಏನೂ ಕೇಳಲಿಲ್ಲ. ಹೋಗುವಾಗ ಮಾತ್ರ ಬಾಗಿಲಲ್ಲಿ ನಿಂತು, "ಎರಡನೇ ತಾರೀಖು ಅಲ್ವಾ," ಎಂದರು. ತಲೆ ಆಡಿಸಿದೆನೋ ಇಲ್ಲವೋ ನೆನಪಿಲ್ಲ. ಅವರು ಸಮಾಧಾನದಿಂದ ಹೋದರು. ನನ್ನ ಮೈ ಏನು ಹೇಳಿತೋ ಅವರಿಗೆ.

ಈಗ ಮೇಜಿನ ಮೇಲೆ ಕಾಗದ, ಲಕೋಟೆ. ವಾಚು ಡ್ರಾಯರಿನಲ್ಲೇ ಇದೆ. ಮನೆಯೊಳಗೆ ಎಷ್ಟು ಸದ್ದು ಎಂದು ಈಗ ಗೊತ್ತಾಗುತ್ತಿದೆ. ಮೇಲಿನ ಮನೆಯವರ ಕುರ್ಚಿ, ಫ್ರಿಜ್ಜು. ಕೆಳಗೆ ಹೊಲಿಗೆ ಮಿಷನ್ ಒಂದಷ್ಟು ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಅಮ್ಮ ಎದುರಿಗೆ ಕೂತು ಕೈ ಮಡಚಿಕೊಂಡಿದ್ದಾಳೆ. ಕಣ್ಣು ನನ್ನ ಕಡೆಗಿದೆ, ಸರಿಯಾಗಿ ನನ್ನ ಕಡೆಗೆ.

ಹೊಸ ಹಾಳೆ ಇನ್ನು ಬರಲ್ಲ ಅಲ್ವಾ ಎಂದು ಕೇಳಿದಳು. ಬರಲ್ಲ ಎಂದೆ. ಆರೂವರೆಗೆ ಏಳುವುದನ್ನು ಬಿಡೋಣವಾ ಎಂದಳು. ಬೇಡ, ಟೀ ಕುಡಿಯೋಣ, ನಾನು ಸುರಿಯುತ್ತೇನೆ ಎಂದೆ. "ನಂಗೆ ಬೆರಳಿದೆ," ಅಂದಳು.

ಆಮೇಲೆ, "ತಾರೀಖು ಹಾಕಿಲ್ಲ ನೀನು."

ಹೇಗೆ ಗೊತ್ತಾಯಿತು ಎಂದು ಕೇಳಲಿಲ್ಲ. ಬೆಳಿಗ್ಗೆ ನನ್ನ ಪೆನ್ನಿನ ಸದ್ದು ಹೆಸರಿಗೇ ನಿಂತಿತ್ತು. ಅಷ್ಟೇ ಸಾಕು ಅವಳಿಗೆ.

ಪೋಸ್ಟ್ ಆಫೀಸ್ ನಾಳೆ ಒಂಬತ್ತಕ್ಕೆ ತೆರೆಯುತ್ತದೆ. ಈಗ ಬರೆಯುತ್ತಿದ್ದೇನೆ, ಅವಳಿಗೆ ಕೇಳಿಸುವ ಹಾಗೆ ಒತ್ತಿ, ಮೊದಲು ಕಾಗದದಲ್ಲಿ, ಆಮೇಲೆ ಇಲ್ಲಿ:

ಮಾರ್ಚ್ 25